ಏಪ್ರಿಲ್ ತಿಂಗಳ ಸ್ವೆಟರು

ಭದ್ರಾವತಿಯಲ್ಲಿ ಏಪ್ರಿಲ್ ಬಂತೆಂದರೆ ಬೀದಿನಾಯಿಗಳೂ ಮೋರಿಯ ತಂಪು ಬಿಟ್ಟು ಮೇಲೇಳುವುದಿಲ್ಲ. ಅಂಥ ಒಂದು ಮಧ್ಯಾಹ್ನ ಉಜ್ಜನಪ್ಪನವರ ವರ್ಕ್‌ಶಾಪಿನ ಬಾಗಿಲ ಪಕ್ಕದ ಗೂಟಗಳಲ್ಲಿ ಉಣ್ಣೆಯ ಸ್ವೆಟರುಗಳು ಸಾಲಾಗಿ ನೇತಾಡುತ್ತಿದ್ದುದನ್ನು ತನುಜಾ ನೋಡಿದ್ದಳು. ನೋಡಿ, ಮನಸ್ಸಿನಲ್ಲೇ ನಕ್ಕು, ಅಲ್ಲಿಗೇ ಮರೆತಿದ್ದಳು. ಅವಳು ಬಂದದ್ದು ಥರ್ಮಾಮೀಟರ್ ನೋಡುವುದಕ್ಕೆ. ಅದು ಇಪ್ಪತ್ತು ಡಿಗ್ರಿ ತೋರಿಸುತ್ತಿತ್ತು. ಅಷ್ಟು ಸಿಕ್ಕ ಮೇಲೆ ಗೂಟದ ಕಡೆ ಯಾರ ಕಣ್ಣು ಹೋಗುತ್ತದೆ?

ತನುಜಾ ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನ ಹತ್ತಿರ ಭೈರಪ್ಪನವರ ಏಸಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. ಓದಿದ್ದು ಒಂದಾದರೆ ಅಂಗಡಿಯಲ್ಲಿ ಮಾಡುತ್ತಿದ್ದುದು ಇನ್ನೊಂದು. ಕಂಪ್ಲೇಂಟಿನ ಫೋನ್ ಎತ್ತುವುದು, ಏಸಿಯಿಂದ ನೀರು ಸೋರುತ್ತದೆ ಎಂದು ಕೂಗಾಡುವವರಿಗೆ ಸಮಾಧಾನ ಹೇಳುವುದು, ರಿಪೇರಿಗೆ ಹೋದ ಮೆಕ್ಯಾನಿಕ್ ಯಾವ ಬೀದಿಯಲ್ಲಿ ಚಹಾ ಕುಡಿಯುತ್ತಿದ್ದಾನೆಂದು ಪತ್ತೆ ಮಾಡಿಸುವುದು. ಯಾವ ಕಟ್ಟಡಕ್ಕೆ ಎಷ್ಟು ದೊಡ್ಡ ಯಂತ್ರ ಬೇಕೆಂಬ ತೀರ್ಮಾನ ಮಾತ್ರ ಭೈರಪ್ಪನವರದೇ. ಅದಕ್ಕೆ ಅವರ ಹತ್ತಿರ ಇದ್ದದ್ದು ಒಂದೇ ಸೂತ್ರ: ನೂರು ಚದರಡಿಗೆ ಒಂದು ಟನ್. ಚಿನ್ನದಂಗಡಿಯಿರಲಿ, ನರ್ಸಿಂಗ್ ಹೋಮ್ ಇರಲಿ, ಹೆಜ್ಜೆ ಹಾಕಿ ಅಳೆದು, ಬೆರಳಲ್ಲಿ ಗುಣಿಸಿ, ಕೊನೆಗೆ "ಒಂದು ಟನ್ ಜಾಸ್ತೀನೇ ಇರ್ಲಿ ಬಿಡಿ" ಎನ್ನುತ್ತಿದ್ದರು. ಜಾಸ್ತಿಯಾದ ತಂಪಿಗೆ ಇದುವರೆಗೆ ಯಾರೂ ಜಗಳಕ್ಕೆ ಬಂದಿರಲಿಲ್ಲ.

ಉಜ್ಜನಪ್ಪನವರ ಕೆಲಸಕ್ಕೆ ಆ ಸೂತ್ರ ಸಾಲದೆಂದು ಮೊದಲ ದಿನವೇ ಹಟ ಹಿಡಿದವಳು ತನುಜಾ. ಉಜ್ಜನಪ್ಪನವರು ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಫೋರ್‌ಮನ್ ಆಗಿದ್ದವರು. ಸ್ವಯಂ ನಿವೃತ್ತಿಯ ಕಾಗದ ಬಂದಾಗ ಎಲ್ಲರ ಹಾಗೆ ಸಹಿ ಹಾಕಿ, ಬಂದದ್ದೆಲ್ಲವನ್ನೂ ಒಂದು ಒಳ್ಳೆಯ ಗ್ರೈಂಡಿಂಗ್ ಮೆಷಿನ್ನಿಗೆ ಸುರಿದು, ಓಲ್ಡ್ ಟೌನಿನಾಚೆ ಹಳೇ ಅಕ್ಕಿ ಮಿಲ್ಲಿನ ಗೋದಾಮಿನಲ್ಲಿ ಮಗ ಜ್ಞಾನೇಶನ ಜೊತೆ ವರ್ಕ್‌ಶಾಪ್ ತೆರೆದಿದ್ದರು. ಇದು 2002ನೇ ಇಸವಿಯ ಮಾತು. ಅಲ್ಲಿ ತಯಾರಾಗುತ್ತಿದ್ದದ್ದು ಗೇಜು. ಯಂತ್ರದ ಭಾಗಗಳಲ್ಲಿ ಕೊರೆದ ತೂತು ಸರಿಯಾದ ಅಳತೆಗಿದೆಯೇ ಎಂದು ತೂರಿಸಿ ನೋಡುವ ಉಕ್ಕಿನ ಗುಂಡನೆಯ ಕಡ್ಡಿ. ಕೂದಲೆಳೆಯನ್ನು ಐವತ್ತು ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲಿನಷ್ಟು ಹೆಚ್ಚುಕಡಿಮೆಯಾದರೂ ಅದು ಗೇಜಲ್ಲ, ಬರೀ ಕಬ್ಬಿಣ.

ಉಕ್ಕು ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಗೇಜು ತೆಗೆದುಕೊಳ್ಳುವ ಬೆಂಗಳೂರಿನ ಕಂಪನಿ ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿಟ್ಟು ಅಳೆಯುತ್ತಿತ್ತು. ಇಲ್ಲಿ ಸೆಕೆಯಲ್ಲಿ ಅಳತೆಗೆ ಸರಿಯಾಗಿ ತೇಯ್ದದ್ದು ಅಲ್ಲಿ ಹೋಗಿ ಸಣ್ಣಗಾಗಿ ಕೂರುತ್ತಿತ್ತು. ಹೀಗಾಗಿ ಈ ಗೋದಾಮೂ ಮೂರು ಹೊತ್ತೂ ಇಪ್ಪತ್ತೇ ಡಿಗ್ರಿ ಇರಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ.

ತನುಜಾ ಟೇಪು ಹಿಡಿದು ಗೋಡೆ ಗೋಡೆ ಅಳೆದಳು. ಪಶ್ಚಿಮದ ಗೋಡೆಗೆ ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತದೆ, ಮೇಲಿನ ಶೀಟು ಎಷ್ಟು ಕಾಯುತ್ತದೆ, ಮೆಷಿನ್ನಿನ ಮೋಟಾರು ಎಷ್ಟು ಬಿಸಿ ಉಗುಳುತ್ತದೆ, ದೀಪಗಳೆಷ್ಟು, ಎಲ್ಲ ಕೇಳಿ ಬರೆದುಕೊಂಡಳು. ಮನುಷ್ಯರ ಮೈಯೂ ಒಂದು ಒಲೆಯೇ, ಅದೂ ಲೆಕ್ಕಕ್ಕೆ ಬರಬೇಕು. ಒಳಗೆ ಎಷ್ಟು ಜನ ಇರುತ್ತೀರಿ ಎಂದು ಕೇಳಿದಾಗ ಉಜ್ಜನಪ್ಪನವರು ಬಾಗಿಲ ಕಡೆ ಒಮ್ಮೆ ನೋಡಿದರು.

"ಕೆಲ್ಸ ಮಾಡೋರು ಮೂರು ಜನಾಮ್ಮ. ನಾನು, ನನ್ನ ಮಗ, ಒಬ್ಬ ಆಪರೇಟರು."

ತನುಜಾ ಮೂರು ಎಂದು ಬರೆದಳು. ಶೀಟಿನ ಕೆಳಗೆ ಥರ್ಮಕೋಲ್ ಹೊದಿಸಿ, ಪಶ್ಚಿಮದ ಗೋಡೆಗೆ ಇನ್ನೊಂದು ಪದರ ಕಟ್ಟಿದರೆ ನಾಲ್ಕು ಟನ್ ಸಾಕು, ಎರಡು ಟನ್ನಿನ ಎರಡು ಯಂತ್ರ, ಎಂದು ಅವಳ ಲೆಕ್ಕ ಬಂತು. ಭೈರಪ್ಪನವರ ಸೂತ್ರಕ್ಕೆ ಆರು ಬಂದಿತ್ತು, ಅದರ ಮೇಲೆ ವಾಡಿಕೆಯ ಒಂದು. ಅವರು ಅವಳ ಹಾಳೆಯನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಆಯ್ತು ಮಾರಾಯ್ತಿ. ಇದು ನಿಂತ್ರೆ ಇನ್ಮೇಲೆ ಅಂಗಡೀಲಿ ಲೆಕ್ಕ ನಿಂದೇ. ಬಿದ್ರೆ ಫೋನ್ ನಿಂದೇ, ಸಾಯೋ ತನಕ."

ಬೀಳುವ ಹಾಗೇ ಕಂಡಿತು. ಮೊದಲ ಲಾಟಿನ ಗೇಜುಗಳಲ್ಲಿ ಅರ್ಧಕ್ಕರ್ಧ ವಾಪಸ್ಸು ಬಂದವು, ಅಳತೆಗಿಂತ ಸಣ್ಣವೆಂದು. ಎರಡನೆಯದೂ ಹಾಗೇ ಆಯಿತು. ಕಂಪನಿಯವರು ಒರಟು ಮಾತಾಡಲಿಲ್ಲ, ಅದೇ ಹೆದರಿಕೆಯ ವಿಷಯ. ಮೂರನೆಯ ಲಾಟ್ ನೋಡುತ್ತೇವೆ, ಅದೂ ಹೀಗೇ ಆದರೆ ಆರ್ಡರು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ನಯವಾಗಿ ಹೇಳಿದರು. ಆ ಒಂದು ಆರ್ಡರನ್ನು ನೆಚ್ಚಿಯೇ ಮೆಷಿನ್ ತಂದದ್ದು. ಅದು ಹೋದರೆ ವರ್ಕ್‌ಶಾಪು ಮತ್ತೆ ಗೋದಾಮು.

ಜ್ಞಾನೇಶ ಬುದ್ಧಿವಂತ ಹುಡುಗ. ಕೆಟ್ಟ ಗೇಜುಗಳನ್ನು ಬೇರೆ ಮಾಡಿ ನೋಡಿ, ಎಲ್ಲವೂ ಮಧ್ಯಾಹ್ನದ ಮೇಲೆ ತೇಯ್ದವು ಎಂದು ಕಂಡುಹಿಡಿದ. ಬೆಳಗಿನವು ಒಂದೂ ಕೆಟ್ಟಿರಲಿಲ್ಲ. ಕರೆಂಟು ಹೋಗಿ ಬಂದದ್ದರಿಂದಲೇ ಎಂದು ಮೊದಲು ಅನುಮಾನಪಟ್ಟ. ಆದರೆ ಕರೆಂಟು ಹೋಗದ ದಿನವೂ ಅದೇ ಕತೆ, ಮಧ್ಯಾಹ್ನವಾದರೆ ಥರ್ಮಾಮೀಟರು ಮೇಲೇರುತ್ತಿತ್ತು. ಹಾಗಾದರೆ ಪಶ್ಚಿಮದ ಗೋಡೆ, ಹಾಗಾದರೆ ಮೇಡಮ್ಮಿನ ಲೆಕ್ಕ. ಬಾಯಿಬಿಟ್ಟು ಅವನು ಹಾಗನ್ನಲಿಲ್ಲ. ಫೋನಿನಲ್ಲಿ "ನೀವೇ ಒಂದ್ಸಲ ಬಂದು ನೋಡಿ" ಎಂದನಷ್ಟೆ.

ತನುಜಾ ಫೋನ್ ಮಾಡಿ ತಿಳಿಸಿ ಎರಡು ಸಲ ಹೋದಳು. ಎರಡು ಸಲವೂ ಸುಡುಸುಡು ಮಧ್ಯಾಹ್ನವೆಲ್ಲ ಥರ್ಮಾಮೀಟರಿನ ಎದುರು ಸ್ಟೂಲ್ ಹಾಕಿಕೊಂಡು ಕೂತಳು. ಪಾದರಸ ಇಪ್ಪತ್ತರ ಗೆರೆ ಬಿಟ್ಟು ಅಲ್ಲಾಡಲಿಲ್ಲ. ಉಜ್ಜನಪ್ಪನವರು ಮಜ್ಜಿಗೆ ತರಿಸಿಕೊಟ್ಟರು. ಗೂಟದ ಸ್ವೆಟರುಗಳನ್ನು ಅವಳು ನೋಡಿದ್ದು ಆಗಲೇ.

ಅಂಗಡಿಯಲ್ಲಿ ಭೈರಪ್ಪನವರು ಇನ್ನೊಂದು ಎರಡು ಟನ್ನಿನ ಯಂತ್ರವನ್ನು ಬಿಗಿಸಿ ಗಲಾಟೆ ಮುಗಿಸು ಎಂದರು. ತನುಜಾ ಒಪ್ಪಲಿಲ್ಲ. ಬೇಕಾದ್ದಕ್ಕಿಂತ ದೊಡ್ಡ ಯಂತ್ರ ಹಾಕಿದರೆ ಗಳಿಗೆಯಲ್ಲಿ ತಂಪು ಮಾಡಿ ತಾನು ನಿಂತುಬಿಡುತ್ತದೆ. ಗಾಳಿಯ ಪಸೆ ಹೀರುವಷ್ಟು ಹೊತ್ತು ಓಡುವುದೇ ಇಲ್ಲ. ಅನ್ನಕ್ಕೆ ಜೋರು ಉರಿ ಇಟ್ಟು ಬೇಗ ಇಳಿಸಿದ ಹಾಗೆ, ಮೇಲೆ ಬೆಂದಂತೆ ಕಂಡರೂ ಒಳಗೆ ಅಕ್ಕಿ. ಮುಂದೆ ಮಳೆಗಾಲ. ಪಸೆ ನಿಂತರೆ ತೇಯ್ದ ಉಕ್ಕಿಗೆ ರಾತ್ರಿ ಕಳೆಯುವುದರೊಳಗೆ ತುಕ್ಕು. ಇದನ್ನೆಲ್ಲ ಅವಳು ವಿವರಿಸಿದಾಗ ಭೈರಪ್ಪನವರು ತಲೆಯಾಡಿಸಿ, ಅಷ್ಟರಲ್ಲಿ ಹೊಡೆದುಕೊಂಡ ಫೋನನ್ನು ಅವಳ ಕಡೆ ತಳ್ಳಿದರು.

ಕಾರಣ ಸಿಕ್ಕಿದ್ದು ಅವಳು ಹುಡುಕದೆ ಹೋದ ದಿನ. ಭದ್ರಾವತಿಯದೇ ಪೇಪರ್ ಟೌನಿನ ಕಡೆ ಯಾರದೋ ಮನೆಯ ಏಸಿ ನೋಡಲು ಹೋಗಿದ್ದಳು. ಕೆಲಸ ಬೇಗ ಮುಗಿಯಿತು. ಬಸ್ಸಿಗೆ ಹೊತ್ತಿತ್ತು. ಬಂದದ್ದು ಬಂದೆ, ಹಾಗೇ ಹಾದುಹೋಗೋಣವೆಂದು ವರ್ಕ್‌ಶಾಪಿನ ಬಾಗಿಲು ತಳ್ಳಿದಳು.

"ಬಾಗ್ಲು ಹಾಕಪ್ಪೋ, ತಂಪು ಹೋಗ್ತದೆ" ಎಂದು ಯಾರೋ ತಿರುಗಿ ನೋಡದೆ ಗದರಿದರು.

ಬೆಂಚಿನ ಮೇಲೆ, ಪ್ಯಾಕಿಂಗ್ ಪೆಟ್ಟಿಗೆಗಳ ಮೇಲೆ, ಗೋಡೆಗೊರಗಿ ನೆಲದ ಮೇಲೆ, ವಯಸ್ಸಾಗುತ್ತಿದ್ದ ಗಂಡಸರು ಕೂತಿದ್ದರು. ಎಲ್ಲರ ಮೈಮೇಲೂ ಸ್ವೆಟರು. ಒಬ್ಬರು ಮಂಕಿ ಟೋಪಿಯನ್ನೂ ಎಳೆದುಕೊಂಡಿದ್ದರು. ತೊಡೆಯ ಮೇಲೋ ಪಕ್ಕದಲ್ಲೋ ಟಿಫನ್ ಕ್ಯಾರಿಯರು. ಯಾರೂ ಏನೂ ಮಾಡುತ್ತಿರಲಿಲ್ಲ. ಸಿನಿಮಾ ನೋಡುವವರ ಹಾಗೆ ಗ್ರೈಂಡಿಂಗ್ ಮೆಷಿನ್ನಿನ ಕಡೆ ಮುಖ ಮಾಡಿದ್ದರು. ಅವಳ ಹಿಂದೆಯೇ ಇನ್ನೊಬ್ಬರು ಬೀಡಿ ಮುಗಿಸಿ ಒಳಗೆ ಬಂದರು. ಅವರೊಡನೆ ಒಂದು ಹೊರೆ ಬಿಸಿಗಾಳಿಯೂ ಬಂತು. ಥರ್ಮಾಮೀಟರು ಇಪ್ಪತ್ನಾಲ್ಕರ ಹತ್ತಿರ ಇತ್ತು.

ಯಾರು ಬಂದದ್ದೆಂದು ತಿಳಿದ ಕೂಡಲೇ ಎಲ್ಲರೂ ಎದ್ದು ನಿಂತರು, ಮೇಷ್ಟ್ರು ಬಂದ ಹಾಗೆ. ಉಜ್ಜನಪ್ಪನವರು ಕೈ ಒರೆಸಿಕೊಳ್ಳುತ್ತ ಬಂದರು.

"ಇವ್ರು ನಮ್ಮೋರೇ ಅಮ್ಮ. ಕಾರ್ಖಾನೆಯೋರು. ಹಿಂಗೇ ಬರ್ತಾರೆ, ಹೋಗ್ತಾರೆ."

ತನುಜಾಗೆ ಗೂಟದ ಸ್ವೆಟರುಗಳು ನೆನಪಾದವು. ಮೂರು ಜನರ ವರ್ಕ್‌ಶಾಪಿಗೆ ಅಷ್ಟೊಂದು ಸ್ವೆಟರು. ಅವಳು ತಿಳಿಸಿ ಬಂದ ದಿನಗಳಲ್ಲಿ ಇವರು ಅಡ್ಡಿಯಾಗಬಾರದೆಂದು ಸ್ವೆಟರು ಬಿಟ್ಟು ತಾವು ಹೊರಗೆ ಹೋಗಿದ್ದರು. ಇಷ್ಟು ದಿನದ ತಲೆನೋವು ಒಮ್ಮೆಲೇ ಇಳಿದ ಹಗುರದಲ್ಲಿ ಅವಳು ಯಾರ ಎದುರು ಮಾತಾಡುತ್ತಿದ್ದೇನೆಂಬುದನ್ನೇ ಮರೆತಳು. ಸುಮ್ಮನೆ ಕೂತರೂ ಒಬ್ಬ ಮನುಷ್ಯನ ಮೈಯಿಂದ ನೂರು ವ್ಯಾಟಿನ ಬಲ್ಬಿನಷ್ಟು ಬಿಸಿ ಬರುತ್ತದೆ, ಇಷ್ಟು ಜನ ಎಂದರೆ ಇಷ್ಟು ಬಲ್ಬು ಹಚ್ಚಿಟ್ಟ ಹಾಗೆ, ಅದರ ಮೇಲೆ ಉಸಿರಿನ ಪಸೆ, ಬೀಡಿಗೆಂದು ಸಲಸಲಕ್ಕೂ ಬಾಗಿಲು ತೆಗೆದರೆ ಹೊರಗಿನ ಬಿಸಿ ಬೇರೆ, ಬೆಳಗಿನ ತಂಪಿಗೆ ತಡೆದೀತು, ಮಧ್ಯಾಹ್ನಕ್ಕೆ ಗೇಜು ಕೆಡದೆ ಇನ್ನೇನಾಗುತ್ತದೆ ಎಂದು ಪಾಠ ಹೇಳಿದ ಹಾಗೆ ಹೇಳಿಬಿಟ್ಟಳು.

ಮಾತು ಮುಗಿದ ಮೇಲೆ ಮಂಕಿ ಟೋಪಿಯವರು ಗಂಟಲು ಸರಿಮಾಡಿಕೊಂಡರು. ಒಂದು ಕಾಲಕ್ಕೆ ಕ್ರೇನ್ ನಡೆಸುತ್ತಿದ್ದ ತಮಿಳರು, ಮುರುಗೇಶಣ್ಣ.

"ನಮ್ಮನೇಲಿ ನನ್ನ ಝೀರೋ ಬಲ್ಬು ಅಂತಾಳಮ್ಮ. ನೀವಾದ್ರೂ ನೂರು ಅಂದ್ರಲ್ಲ, ಸಾಕು."

ಎಲ್ಲರೂ ನಕ್ಕರು. ತನುಜಾಳೂ ನಕ್ಕಳು. ನಗದಿದ್ದವರು ಒಬ್ಬರೇ, ಮೂಲೆಯಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದ ತೆಳ್ಳನೆಯ ಮನುಷ್ಯ. ಅವರು ಟಿಫನ್ ಕ್ಯಾರಿಯರಿನ ಕೊಂಡಿ ಹಾಕಿದರು. ಸ್ವೆಟರು ಬಿಚ್ಚಿದರು. ಅದನ್ನು ಗೂಟಕ್ಕೆ ತೂಗುಹಾಕದೆ ಮಡಚಿ ಚೀಲದೊಳಗೆ ಇಟ್ಟುಕೊಂಡು, ಬಾಗಿಲನ್ನು ಆದಷ್ಟು ಕಡಿಮೆ ತೆರೆದು, ಅಷ್ಟರಲ್ಲೇ ನುಸುಳಿ ಹೊರಗೆ ಹೋದರು.

ಬಸ್ ಸ್ಟ್ಯಾಂಡಿನ ತನಕ ಜ್ಞಾನೇಶ ಜೊತೆಗೆ ಬಂದ. ದಾರಿಯುದ್ದಕ್ಕೂ ಹೇಳಿಕೊಂಡ. ನಿವೃತ್ತಿ ತೆಗೆದುಕೊಂಡ ಮೇಲೂ ಇವರೆಲ್ಲ ಕಾರ್ಖಾನೆಯ ಸೈರನ್ನಿಗೆ ಸರಿಯಾಗಿ ಬುತ್ತಿ ಹಿಡಿದು ಮನೆ ಬಿಡುತ್ತಿದ್ದರು. ಮೊದಮೊದಲು ಹೊಳೆಯ ಸೇತುವೆ, ಬಸ್ ಸ್ಟ್ಯಾಂಡು, ಹೀಗೆ ಕೂತು ಹೊತ್ತು ಕಳೆಯುತ್ತಿದ್ದರು. ಅಪ್ಪನ ವರ್ಕ್‌ಶಾಪು ಶುರುವಾದ ಮೇಲೆ ಒಬ್ಬರು ಬಂದರು, ಅವರ ಹಿಂದೆ ಇನ್ನೊಬ್ಬರು. ಅವರಿಗೆ ಬರಬೇಡಿ ಅನ್ನಿ ಎಂದು ಅಪ್ಪನಿಗೆ ಇವನು ಹೇಳಿ ಸಾಕಾಗಿದ್ದ. ನಾನೂ ಹೇಳುವುದಿಲ್ಲ, ನೀನೂ ಹೇಳಕೂಡದು ಎಂಬುದು ಅಪ್ಪನ ಉತ್ತರ.

ಆ ದಿನ ಕೇಳಿದಾಗಲಾದರೂ ನಿಜ ಹೇಳಬಹುದಿತ್ತಲ್ಲ ಎಂದಳು ತನುಜಾ.

"ಅವ್ರು ಸುಳ್ಳು ಹೇಳ್ಲಿಲ್ಲ ಮೇಡಂ. ಬಂದೋರ ತಲೆ ಎಣಿಸೋದು ನಮ್ಮನೇಲೇ ಇಲ್ಲ. ಊಟಕ್ಕೆ ಕೂತ ಪಂಕ್ತೀನೂ ಎಣಿಸಬಾರ್ದು ಅಂತ ಅಜ್ಜಿ ಬಯ್ತಿದ್ರು, ಬಂದೋರಿಗೆ ಕೇಡು ಅಂತ. ಅಪ್ಪಂಗೆ ಎಣಿಸೋಕೇ ಬಾಯಿ ಬರಲ್ಲ." ಸ್ವಲ್ಪ ನಡೆದು ಅವನು ದನಿ ತಗ್ಗಿಸಿದ. "ನೀವೇ ಹೇಳ್ಬಿಡಿ ಮೇಡಂ. ಒಂದು ಬೋರ್ಡ್ ಹಾಕಿ, ಹೊರಗಿನೋರು ಬರಕೂಡದು ಅಂತ. ನೀವು ಹೇಳಿದ್ರೆ ಯಾರಿಗೂ ಬೇಜಾರಿಲ್ಲ. ಮೆಷಿನ್ ಹೇಳಿದ ಹಂಗೆ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸಿಕ್ಕಿದ್ದೇನು ಬಂತು, ಅವಳ ಕಣ್ಣೆದುರು ಚೀಲಕ್ಕೆ ಹೋದ ಆ ಸ್ವೆಟರೇ. ಲೆಕ್ಕ ತಪ್ಪಿರಲಿಲ್ಲ. ಮೂರು ಜನಕ್ಕೆ ನಾಲ್ಕು ಟನ್ ಸರಿಯಾಗಿಯೇ ಇತ್ತು. ಬೋರ್ಡೊಂದು ಹಾಕಿದರೆ ಮೂರನೆಯ ಲಾಟ್ ಗೆಲ್ಲುತ್ತದೆ, ತಾನೂ ಗೆಲ್ಲುತ್ತೇನೆ. ಹಾಗೆ ಗೆಲ್ಲುವುದಕ್ಕೆ ಮನಸ್ಸು ಮುಂದೆ ಬರಲಿಲ್ಲ.

ಶಿವಮೊಗ್ಗದ ಹೊಸಮನೆ ಬಡಾವಣೆಯ ಬಾಡಿಗೆ ಮನೆಯಲ್ಲಿ ಅವಳೂ ಮಗಳೂ ಇಬ್ಬರೇ. ಗಂಡನಿಗೆ ದಾವಣಗೆರೆಯ ಲಾರಿ ಆಫೀಸಿನಲ್ಲಿ ಕೆಲಸ, ಭಾನುವಾರಕ್ಕೆ ಬಂದರೆ ಬಂದ. ಸಂಜೆ ಅವಳು ಒಲೆ ಹಚ್ಚಿ ರೊಟ್ಟಿಗೆ ಕೂತರೆ ಸ್ಫೂರ್ತಿ ಪುಸ್ತಕದ ಚೀಲ ಎಳೆದುಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದಳು. ಅವತ್ತೂ ಕೂತಳು. ಹಂಚಿನ ಝಳಕ್ಕೆ ಮಗುವಿನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

"ಹಾಲ್‌ನಲ್ಲಿ ಫ್ಯಾನ್ ಇದೆಯಲ್ಲೇ. ಇಲ್ಲಿ ಯಾಕೆ ಬೇಯ್ತೀಯಾ?"

"ಅಲ್ಲಿ ಯಾರೂ ಇಲ್ಲಮ್ಮ" ಎಂದು ಸ್ಫೂರ್ತಿ ಪುಸ್ತಕದಿಂದ ತಲೆ ಎತ್ತದೆ ಹೇಳಿದಳು.

ರೊಟ್ಟಿ ಒಂದು ಕಡೆ ಕರಿಯಾಯಿತು. ತನುಜಾ ಅದನ್ನು ತನ್ನ ತಟ್ಟೆಗೆ ಹಾಕಿಕೊಂಡು ಬಹಳ ಹೊತ್ತು ಹಂಚನ್ನೇ ನೋಡುತ್ತ ಕೂತಳು. ಆ ಮನುಷ್ಯರು ತಂಪಿಗೆ ಬರುತ್ತಿರಲಿಲ್ಲ. ತಂಪಿಗೆ ಬರುವವರು ಮೂವತ್ತು ವರ್ಷ ಕಾದ ಕಬ್ಬಿಣದ ಪಕ್ಕ ನಿಲ್ಲುತ್ತಿರಲಿಲ್ಲ. ತಂಪನ್ನು ತಡೆದುಕೊಳ್ಳಲು ಸ್ವೆಟರು ಹೊತ್ತು ತರುತ್ತಿದ್ದವರು ಅವರು. ಅವರಿಗೆ ಬೇಕಾಗಿದ್ದದ್ದು ಮೆಷಿನ್ನಿನ ಸದ್ದು, ಎಣ್ಣೆಯ ವಾಸನೆ, ಕೆಲಸ ನಡೆಯುವುದು ಕಣ್ಣಿಗೆ ಕಾಣುವ ಒಂದು ಜಾಗ. ತಂಪು ಬೇಕಾಗಿದ್ದದ್ದು ಉಕ್ಕಿಗೆ ಮಾತ್ರ. ಹಾಗಿದ್ದ ಮೇಲೆ ಇಡೀ ಗೋದಾಮನ್ನು ಯಾಕೆ ತಂಪು ಮಾಡಬೇಕು?

ಮರುದಿನ ಅವಳು ಭೈರಪ್ಪನವರ ಮುಂದೆ ಹೊಸ ಹಾಳೆ ಇಟ್ಟಳು. ಗೋದಾಮಿನ ನಡುವೆ ಒಂದು ಗಾಜಿನ ಗೋಡೆ. ಆಚೆ ಗ್ರೈಂಡಿಂಗ್ ಮೆಷಿನ್ನೂ ಅಳತೆಯ ಮೇಜೂ, ಕೆಲಸ ಮಾಡುವ ಮೂವರೂ, ಇಪ್ಪತ್ತು ಡಿಗ್ರಿ. ಈಚೆ ಬೆಂಚು, ಎರಡು ಫ್ಯಾನು, ಬಂದವರು. ಆಗ ಎರಡು ಯಂತ್ರಗಳಲ್ಲಿ ಒಂದು ಓಡಿದರೆ ಸಾಕು, ಇನ್ನೊಂದು ಸರದಿಗೆ. ಭೈರಪ್ಪನವರು ಹಾಳೆಯನ್ನು ತಿರುವಿ ಹಿಂದುಗಡೆಯೂ ಏನಾದರೂ ಇದೆಯೇ ಎಂದು ನೋಡಿದರು.

"ನಾನು ಆರು ಅಂದೆ, ನೀನು ನಾಲ್ಕು ಅಂದೆ, ಈಗ ಎರಡು ಅಂತೀಯ. ಇನ್ನೊಂದ್ಸಲ ಹೋಗಿ ಬಂದ್ರೆ ನಮ್ಮ ಅಂಗ್ಡೀಲಿ ಬೀಸಣಿಗೆ ಮಾರ್ಬೇಕಾಗ್ತದೆ ಮಾರಾಯ್ತಿ." ಆದರೂ ಹೋಗಿ ಬಾ ಎಂದರು.

ಉಜ್ಜನಪ್ಪನವರು ಹಾಳೆಯನ್ನು ಮೆಷಿನ್ನಿನ ಮೇಲೆ ಹರಡಿಕೊಂಡು ನೋಡಿದರು. ಮಗನ ಕಡೆಗೂ ಒಮ್ಮೆ ನೋಡಿದರು. ಆಮೇಲೆ, ಗಾಜು ಕೂರಿಸುವ ಚೌಕಟ್ಟಿನಲ್ಲಿ ಎಲ್ಲೂ ಸಂದು ಇರಕೂಡದು ಅಲ್ಲವೇ ಎಂದು ಕೇಳಿದರು. ಇರಕೂಡದು ಎಂದಳು ತನುಜಾ. ಮಾಡಿದರೆ ರಂಗಪ್ಪನೇ ಮಾಡಬೇಕು, ಪ್ಯಾಟರ್ನ್ ಶಾಪಿನಲ್ಲಿ ಅಚ್ಚಿನ ಮರಗೆಲಸ ಮಾಡಿದ ಕೈ, ಆದರೆ ಆ ದಿನದಿಂದ ಅವನು ಈ ಕಡೆ ಬಂದಿಲ್ಲ ಎಂದರು. ಯಾವ ದಿನದಿಂದ ಎಂದು ತನುಜಾ ಕೇಳಲಿಲ್ಲ.

ಉಜ್ಜನಪ್ಪನವರೂ ತನುಜಾಳೂ ಓಲ್ಡ್ ಟೌನಿನ ರಂಗಪ್ಪನವರ ಮನೆಗೆ ಹೋದರು. ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದ ಅವರ ಹೆಂಡತಿ ಪುಷ್ಪಮ್ಮ ಮೊರ ಕೆಳಗಿಟ್ಟು ಎದ್ದರು.

"ಕೆಲ್ಸಕ್ಕೆ ಹೋದ್ರಲ್ಲ ಅಣ್ಣ, ನಿಮ್ಮಲ್ಲಿಗೇ. ಸ್ವೆಟರ್ ಕೂಡ ಒಗೆದು ಕೊಟ್ಟಿದ್ದೆ."

ಉಜ್ಜನಪ್ಪನವರು ಹಣೆ ಬಡಿದುಕೊಂಡರು. "ನನ್ನ ಮರೆವಿಗಿಷ್ಟು. ಗಾಜಿನ ಅಂಗಡಿಗೆ ನಾನೇ ಕಳ್ಸಿದ್ದು. ಇಲ್ಲಿ ಬಂದು ಹುಡುಕ್ತಾ ಇದೀನಿ ನೋಡು."

ಪುಷ್ಪಮ್ಮ ನೀರು ಕೊಟ್ಟರು. ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿದರು. ಲೋಟ ವಾಪಸ್ಸು ತೆಗೆದುಕೊಳ್ಳುವಾಗ ತನುಜಾಗೆ ಮಾತ್ರ ಕೇಳುವ ಹಾಗೆ, "ಸಿಕ್ರೆ, ಬಿಸಿಲಲ್ಲಿ ಕೂರ್ಬೇಡಿ ಅಂತ ಹೇಳಮ್ಮ" ಎಂದರು.

ಬಸ್ ಸ್ಟ್ಯಾಂಡಿನ ಕೊನೆಯ ಬೆಂಚಿನಲ್ಲಿ ರಂಗಪ್ಪನವರು ಸಿಕ್ಕರು. ತೊಡೆಯ ಮೇಲೆ ಚೀಲ, ಚೀಲದ ಮೇಲೆ ಕೈ. ಚನ್ನಗಿರಿಯ ಬಸ್ಸು ಹೋಯಿತು, ತರೀಕೆರೆಯ ಬಸ್ಸು ಹೋಯಿತು, ಅವರು ಯಾವುದನ್ನೂ ಕಾಯುತ್ತಿರಲಿಲ್ಲ. ಉಜ್ಜನಪ್ಪನವರು ಕಡಲೆಕಾಯಿ ತರುತ್ತೇನೆಂದು ಅತ್ತ ಹೋದರು. ತನುಜಾ ಪಕ್ಕದಲ್ಲಿ ಕೂತಳು. ಆ ದಿನ ತಾನು ಹಾಗೆ ಹೇಳಬಾರದಿತ್ತು ಎಂದಳು.

"ಹೇಳಿದ್ರಲ್ಲಿ ತಪ್ಪೇನಿದೆಯಮ್ಮ. ನಾನು ಎಲ್ಲಿ ಕೂತ್ರೂ ಹೆಚ್ಚಾಗಿದೀನಿ ಅಂತ ಗೊತ್ತೇ ಇತ್ತು. ಎಷ್ಟು ಹೆಚ್ಚು ಅನ್ನೋದು ಗೊತ್ತಿರ್ಲಿಲ್ಲ, ಅಷ್ಟೇ."

ತನುಜಾ ತನ್ನ ಚೀಲದಿಂದ ಹಾಳೆ ತೆಗೆದು ಬೆಂಚಿನ ಮೇಲೆ ಬಿಡಿಸಿದಳು. ಗಾಳಿಗೆ ಹಾರದ ಹಾಗೆ ಒಂದು ತುದಿಗೆ ಅವರ ಟಿಫನ್ ಕ್ಯಾರಿಯರನ್ನೇ ಇಟ್ಟಳು. ಗಾಜಿನ ಗೋಡೆ ಎಲ್ಲಿಂದ ಎಲ್ಲಿಗೆ, ಬಾಗಿಲೆಲ್ಲಿ, ಬೆಂಚೆಲ್ಲಿ ಎಂದು ಬೆರಳಿಟ್ಟು ತೋರಿಸಿದಳು. ರಂಗಪ್ಪನವರು ಮೊದಲು ಸುಮ್ಮನೆ ಬಸ್ಸುಗಳ ಕಡೆ ನೋಡುತ್ತಿದ್ದರು. ಆಮೇಲೆ ಓರೆಗಣ್ಣಿನಲ್ಲಿ ಹಾಳೆಯ ಕಡೆ. ಆಮೇಲೆ ಬಗ್ಗಿದರು.

"ಮರ ಯಾವ್ದು?"

"ನೀವು ಹೇಳಿದ್ದು."

"ಮಿಲ್ಲಿನ ಹಳೇ ಬಾಗಿಲುಗಳು ಹಿಂದ್ಗಡೆ ಬಿದ್ದಿವೆ. ತೇಗ. ಒಣಗಿ ಎಷ್ಟು ವರ್ಷ ಆಗಿದೆಯೋ, ಇನ್ನು ಬಾಗಲ್ಲ." ಅವರು ಗಾಜಿನ ಗೆರೆಯ ಮೇಲೆ ಹೆಬ್ಬೆರಳನ್ನು ಎಳೆದರು. "ಮತ್ತೆ ನನ್ನ ಬಿಸಿ ಎಲ್ಲಿಗೆ ಹೋಗ್ತದಮ್ಮ?"

"ಗಾಜಿನ ಈಚೆ ಇರತ್ತೆ. ಈಚೆ ಎಷ್ಟು ಜನ ಬಂದ್ರೂ ಗೇಜಿಗೆ ಗೊತ್ತಾಗಲ್ಲ."

ರಂಗಪ್ಪನವರು ಹಾಳೆಯನ್ನು ಮಡಚಿ, ಕೇಳದೆಯೇ ತಮ್ಮ ಚೀಲಕ್ಕೆ ಹಾಕಿಕೊಂಡರು. ಉಜ್ಜನಪ್ಪನವರು ತಂದ ಕಡಲೆಕಾಯಿಯನ್ನು ಮೂವರೂ ಅಲ್ಲೇ ಕೂತು ತಿಂದರು. ಗಾಜಿನ ಅಂಗಡಿಯ ಮಾತು ಮಾತ್ರ ನಿಜ ಮಾಡಿಬಿಡಬೇಕು, ಇಲ್ಲವಾದರೆ ಪುಷ್ಪಮ್ಮನಿಗೆ ಮುಖ ತೋರಿಸಲಾಗುವುದಿಲ್ಲ ಎಂದು ಉಜ್ಜನಪ್ಪನವರು ಎದ್ದರು.

ಮುಂದಿನ ದಿನಗಳಲ್ಲಿ ಗೋದಾಮಿನಲ್ಲಿ ಸುಮ್ಮನೆ ಕೂತವರು ಯಾರೂ ಇರಲಿಲ್ಲ. ರಂಗಪ್ಪನವರು ಗೆರೆ ಹಾಕಿ ಕೊಯ್ದರು, ಉಳಿದವರು ಹಿಡಿದರು, ಎತ್ತಿದರು, ಉಜ್ಜಿದರು. ಕ್ರೇನಿನ ಮುರುಗೇಶಣ್ಣ ಗಾಜು ಎತ್ತುವಾಗ ಕೆಳಗೆ ನಿಂತು, ಹಳೆಯ ದಿನಗಳ ಹಾಗೆ ಕೈಸನ್ನೆಯಲ್ಲೇ ಮೇಲೆ, ಕೆಳಗೆ, ನಿಲ್ಲು ಎಂದು ಆಜ್ಞೆ ಕೊಟ್ಟರು. ಯಾರ ಮೈಮೇಲೂ ಸ್ವೆಟರಿರಲಿಲ್ಲ. ಚೌಕಟ್ಟಿನ ಸುತ್ತ ರಬ್ಬರು ಬಿಗಿದ ಮೇಲೆ ತನುಜಾ ಊದುಬತ್ತಿ ಹಚ್ಚಿ ಸಂದುಗಳ ಉದ್ದಕ್ಕೂ ಹಿಡಿದುಕೊಂಡು ಹೋದಳು. ಒಂದು ಕಡೆ ಮಾತ್ರ ಹೊಗೆ ಒಳಕ್ಕೆ ನುಸುಳಿತು. ರಂಗಪ್ಪನವರು ಆ ಮೂಲೆಯನ್ನು ಬಿಚ್ಚಿ ಮತ್ತೆ ಕೂರಿಸಿದರು, ತಮ್ಮ ಮೇಲೆ ತಾವೇ ಸಿಟ್ಟಾಗಿ.

ಮೂರನೆಯ ಲಾಟನ್ನು ಬೆಳಿಗ್ಗೆಯೂ ತೇಯ್ದರು, ಮಧ್ಯಾಹ್ನವೂ ತೇಯ್ದರು. ಒಂದೇ ಯಂತ್ರ ಓಡುತ್ತಿತ್ತು. ಪೆಟ್ಟಿಗೆ ಬೆಂಗಳೂರಿಗೆ ಹೋದ ಮೇಲೆ ಆ ವಾರವೆಲ್ಲ ತನುಜಾ ಅಂಗಡಿಯ ಫೋನು ಹೊಡೆದುಕೊಂಡಾಗಲೆಲ್ಲ ಮೊದಲ ಗಂಟೆಗೇ ಎತ್ತಿದಳು. ಫ್ರಿಜ್ಜಿನವರು, ಕೂಲರಿನವರು, ರಾಂಗ್ ನಂಬರಿನವರು. ಕೊನೆಗೊಂದು ದಿನ ಜ್ಞಾನೇಶ. ಒಂದೇ ಒಂದು ವಾಪಸ್ಸು ಬಂದಿತ್ತು, ಅದೂ ಪ್ಯಾಕ್ ಮಾಡುವಾಗ ಗೀರು ಬಿದ್ದದ್ದು. ಅಳತೆಯ ಮೇಲೆ ಒಂದೂ ಬಿದ್ದಿರಲಿಲ್ಲ. ಹೊಸ ಆರ್ಡರಿನ ಕಾಗದ ಟಪಾಲಿಗೆ ಹಾಕಿದ್ದಾರಂತೆ. ಅಪ್ಪ ಮಾತಾಡ್ತಾರಂತೆ ಎಂದು ಅವನು ಫೋನ್ ಕೊಟ್ಟ. ಉಜ್ಜನಪ್ಪನವರು, ಮಳೆ ಹಿಡಿದಿದೆಯಾ ನಿಮ್ಮ ಕಡೆ ಎಂದು ಕೇಳಿ, ಇಟ್ಟುಬಿಟ್ಟರು.

ಭೈರಪ್ಪನವರು ಅಳತೆಯ ಟೇಪನ್ನು ತಮ್ಮ ಡ್ರಾಯರಿನಿಂದ ತೆಗೆದು ಅವಳ ಮೇಜಿಗೆ ಹಾಕಿದರು. ಫೋನು ಮಾತ್ರ ಇದ್ದಲ್ಲೇ ಇತ್ತು. ಎರಡೂ ಅವಳದೇ ಆಯಿತು. ಅಂದಿನಿಂದ ಯಾವ ಕಟ್ಟಡಕ್ಕೆ ಹೋದರೂ ಜನರ ಬಗ್ಗೆ ಅವಳು ಎರಡು ಪ್ರಶ್ನೆ ಕೇಳುವುದು ರೂಢಿಯಾಯಿತು. ಕೆಲಸ ಮಾಡುವವರು ಎಷ್ಟು? ಸುಮ್ಮನೆ ಬಂದು ಕೂರುವವರು ಎಷ್ಟು? ಎರಡನೆಯದಕ್ಕೆ ಹೆಚ್ಚಿನವರು ಮೊದಲು ಯಾರೂ ಇಲ್ಲ ಎನ್ನುತ್ತಿದ್ದರು. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು.

ಜುಲೈನಲ್ಲಿ ಮಳೆ ಜಡಿಯುತ್ತಿದ್ದಾಗ ಯಂತ್ರಗಳನ್ನು ನೋಡಲು ಅವಳು ಮತ್ತೆ ಭದ್ರಾವತಿಗೆ ಹೋದಳು. ಒಳಗೆ ಕಾಲಿಟ್ಟಾಗ ಗಾಜಿನ ಗೋಡೆ ಬೆಳ್ಳಗೆ ಮಂಜು ಹಿಡಿದು ಕೂತಿತ್ತು, ಆಚೆ ಮೆಷಿನ್ ಇದೆಯೆಂದು ಸದ್ದಿನಿಂದಷ್ಟೇ ತಿಳಿಯಬೇಕು. ಮಂಜು ಹಿಡಿದದ್ದು ಬೆಂಚಿನ ಕಡೆಯ ಮುಖಕ್ಕೆ. ಮಳೆಯ ಪಸೆಯೂ ಇಷ್ಟು ಜನರ ಉಸಿರೂ ತಣ್ಣನೆಯ ಗಾಜನ್ನು ಮುಟ್ಟಿ ನೀರಾಗಿತ್ತು.

"ಇದೂ ತಪ್ಪೇನಮ್ಮ?" ಎಂದು ಉಜ್ಜನಪ್ಪನವರು ಆತಂಕದಿಂದ ಕೇಳಿದರು.

"ಇಲ್ಲ. ಒರೆಸಿದ್ರಾಯ್ತು."

ರಂಗಪ್ಪನವರು ಎದ್ದು, ಹೆಗಲ ಟವೆಲಿನಿಂದ ಗಾಜಿನ ಮೇಲೆ ಒಂದು ಅಗಲವಾದ ದುಂಡು ಒರೆಸಿದರು. ಜ್ಞಾನೇಶನ ಬಗ್ಗಿದ ಬೆನ್ನು, ತಿರುಗುವ ಕಲ್ಲು, ಹಾರುವ ಕಿಡಿ ಕಂಡವು. ಬೆಂಚಿನವರೆಲ್ಲ ಆ ದುಂಡಿನ ಕಡೆ ವಾಲಿದರು. ಅದು ಮತ್ತೆ ಮಸುಕಾಗುವ ಹೊತ್ತಿಗೆ ಮುರುಗೇಶಣ್ಣ ತಮ್ಮ ಟವೆಲು ಬಿಚ್ಚಿಕೊಂಡು ಎದ್ದರು.

ಹೊರಡುವಾಗ ತನುಜಾ ಗೂಟಗಳ ಕಡೆ ನೋಡಿದಳು. ಗಾಜಿನ ಈಚೆ ಸ್ವೆಟರಿನ ಅಗತ್ಯ ಯಾರಿಗೂ ಇರಲಿಲ್ಲ, ಗೂಟಗಳಲ್ಲಿ ಕೊಡೆಗಳು ನೀರಿಳಿಸುತ್ತಿದ್ದವು. ಕೊನೆಯ ಗೂಟದಲ್ಲಿ ಮಾತ್ರ ರಂಗಪ್ಪನವರದೊಂದು ಸ್ವೆಟರಿತ್ತು, ಒಗೆದು, ಒಣಗಿಸಿ, ಮಡಚಿದ ಗೆರೆ ಹಾಗೇ ಇದ್ದದ್ದು. ಕೆಲಸಕ್ಕೆಂದು ಪುಷ್ಪಮ್ಮ ಒಗೆದು ಕೊಡುತ್ತಾರೆ, ಇವರು ತರುತ್ತಾರೆ.